ರಿಕಾಪು ಮತ್ತು ದುರ್ಗದ ಪಾಳೆಯಗಾರಿಕೆ

ರಾವುತನು ಕಾಲೂರುವ ಲೋಹದ ಬಳೆಯನ್ನು ನಾವು ಸಾಮಾನ್ಯವಾಗಿ ರಿಕಾಪು ಎನ್ನುತ್ತೇವೆ. ಇದು ‘ರಿಕಾಬ್’ ಎಂಬ ಅರಬ್ಬೀ ಶಬ್ದವು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದುದು. ಆದರೆ ಈ ವಸ್ತುವಿಗೆ ಅಂಕವಣಿ ಎಂಬ ಇನ್ನೊಂದು ಹೆಸರೂ ಕನ್ನಡದಲ್ಲಿದೆ. ತಮಿಳಿನಲ್ಲಿ ಅಂಗವಡಿ ಎಂಬ ಸೋದರ ಶಬ್ದವಿದ್ದು, ತೆಲುಗಿನಲ್ಲಿಯೂ ಇದರ ರೂಪಾಂತರವು ದೊರೆಯುತ್ತದೆ. ರಿಕಾಪನ್ನು ದಕ್ಷಿಣಕ್ಕೆ ತಂದವರು ತುರುಕ ಸವಾರರೆಂಬ ಅಭಿಪ್ರಾಯವನ್ನು ಪರೀಕ್ಷಿಸುವಾಗ ಈ ಶಬ್ದವನ್ನು ಕಡೆಗಣಿಸುವಂತಿಲ್ಲ. ಶಬ್ದವೊಂದೇ ಪ್ರಮಾಣವಾಗಲಾರದೆಂಬುದು ನಿಜ. ಆದರೆ ಇಲ್ಲಿ ಕಲ್ಲಿನ ಸಾಕ್ಷ್ಯವೂ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಶ್ವಪಂಕ್ತಿಯಲ್ಲಿ ಸವಾರರ ಪಾದಗಳು ಅಂಕವಣಿಯಲ್ಲಿ ನೆಲೆಗೊಂಡಿವೆ. ಆ ದೇವಾಲಯದ ಕೆಲಸವು 12ನೆಯ ಶತಮಾನದಲ್ಲಿ ಆರಂಭವಾಯಿತು. ಮಲಿಕ್ ಕಾಫೂರನು ದೋರಸಮುದ್ರದ ಮೇಲೆ ಏರಿಬಂದುದು 1311ರಲ್ಲಿ. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಅರಬ್ಬೀ ಕುದುರೆಗಳನ್ನು ಇಳಿಸುತ್ತಿದ್ದ ವರ್ತಕರ ಸಂಗಡ ಈ ಸಲಕರಣೆಯೂ ಬಂದಿರಬಹುದು. ದಂಡಯಾತ್ರೆಯೊಂದನ್ನೇ ಕಾರಣವಾಗಿ ಹೇಳುವುದು ನಮಗೆ ಸಮ್ಮತವಲ್ಲ.

ಇದಕ್ಕೂ ಹಿಂದಿನ ಅವಸ್ಥೆಯನ್ನು ಸಾಂಚಿಯ ಶಿಲ್ಪಗಳು ತೋರಿಸುತ್ತವೆ. ಕ್ರಿಸ್ತಪೂರ್ವ ಕಾಲದ ಆ ಶಿಲ್ಪಗಳಲ್ಲಿರುವುದು ಕಾಲಿಗೆ ಸಿಕ್ಕಿಸುವ ಮೆದುವಾದ ಕುಣಿಕೆ. ಬರಿಗಾಲಿನ ಸವಾರನಿಗೆ ಅದು ಒದಗೀತು. ಪಾದರಕ್ಷೆ ತೊಟ್ಟವನಿಗೆ ಗಟ್ಟಿಯಾದ ಬಳೆಯೇ ಬೇಕು. ಚೀನದ ಚಾಂಗ್‌ಷಾದಲ್ಲಿ 302ನೆಯ ವರ್ಷದ ಗೋರಿಯೊಂದರ ಮಣ್ಣಿನ ಬೊಂಬೆಯಲ್ಲಿ ಎಡಗಡೆ ಮಾತ್ರ, ಹತ್ತುವುದಕ್ಕಾಗಿ, ಒಂದು ರಿಕಾಪಿದೆ. 415ರಲ್ಲಿ ಮೃತನಾದ ಫೆಂಗ್ ಸೂಫೂವಿನ ಗೋರಿಯಲ್ಲಿ ಜೋಡಿ ರಿಕಾಪುಗಳು ದೊರೆತಿವೆ.

ಲಿನ್ ವೈಟ್ ಎಂಬ ಅಮೆರಿಕದ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯೂರೋಪಿನ ಊಳಿಗಮಾನ್ಯ ಪದ್ಧತಿಗೆ ರಿಕಾಪೇ ಮೂಲವೆಂದು ವಾದಿಸಿದರು. ಕಾಲೂರಿ ಕುಳಿತ ಸವಾರನು ಈಟಿಯ ಆಘಾತಕ್ಕೆ ಕುದುರೆಯ ವೇಗವನ್ನೇ ಬಳಸಬಲ್ಲನು. ಅಂತಹ ಯೋಧನನ್ನು ಸಾಕಲು ಭೂಮಿಯನ್ನು ಬಿಟ್ಟುಕೊಡಬೇಕಾಯಿತು ಎಂಬುದು ಅವರ ತರ್ಕ. ಸಾಯರ್ ಮತ್ತು ಹಿಲ್ಟನ್ ಮರುವರ್ಷವೇ ಇದನ್ನು ಕಟುವಾಗಿ ಖಂಡಿಸಿದರು. ವಿಜಯನಗರದ ಅಮರನಾಯಕರೂ ನಿಯತ ಸಂಖ್ಯೆಯ ಕುದುರೆ ಕಾಲಾಳುಗಳನ್ನು ಒದಗಿಸುವ ಕರಾರಿನ ಮೇಲೆ ಭೂಮಿಯನ್ನು ಅನುಭವಿಸುತ್ತಿದ್ದುದರಿಂದ, ನಮ್ಮ ವಿದ್ಯಾರ್ಥಿಗಳು ಈ ವಾದವನ್ನು ಇಲ್ಲಿಗೂ ಅನ್ವಯಿಸಲು ಆತುರಪಡುವುದುಂಟು. ಚಿತ್ರದುರ್ಗದ ಇತಿಹಾಸವು ಅದಕ್ಕೆ ಒಳ್ಳೆಯ ತಡೆ.

ರೈಸ್ ಅವರ ಗೆಜೆಟಿಯರಿನಲ್ಲಿ ಒಂದು ಐತಿಹ್ಯವು ಬಂದಿದೆ. ತಿಮ್ಮಣ್ಣನಾಯಕನು ಸಾಳುವ ನರಸಿಂಗರಾಯನ ಕುದುರೆಯನ್ನು ಕದಿಯಲು ಇರುಳಿನಲ್ಲಿ ಶಿಬಿರವನ್ನು ಹೊಕ್ಕನು. ಅಷ್ಟರಲ್ಲಿ ಕುದುರೆಯವನು ಎಚ್ಚತ್ತುದರಿಂದ ಅಲ್ಲಿಯೇ ಅಡಗಿ ಮಲಗಿದನು. ಕುದುರೆಯವನು ಹೊಡೆದ ಗೂಟವು ಅವನ ಕೈಯನ್ನೇ ತೂರಿಕೊಂಡು ನೆಲಕ್ಕೆ ನಾಟಿತು. ತಿಮ್ಮಣ್ಣನಾಯಕನು ಉಸಿರೆತ್ತದೆ ಇದ್ದು, ಕೊನೆಗೆ ಆ ಕೈಯನ್ನು ತಾನೇ ಕಡಿದುಕೊಂಡು ಕುದುರೆಯೊಡನೆ ಹೊರಟುಹೋದನಂತೆ. ಸಾಳುವ ನರಸಿಂಹನೆಂಬ ವಿಜಯನಗರದ ಅರಸನು 1491ರಲ್ಲಿ ತೀರಿಕೊಂಡವನು. ತಿಮ್ಮಣ್ಣನಾಯಕನಾದರೋ 16ನೆಯ ಶತಮಾನದ ಉತ್ತರಾರ್ಧದವನು. ಆದುದರಿಂದ ಕಥೆಯನ್ನು ಅಕ್ಷರಶಃ ನಂಬಲಾಗದು. ಆದರೆ ಇದನ್ನು ಕಟ್ಟಿ ಹೇಳಿದ ಜನರಿಗೆ ಕುದುರೆಯ ಬೆಲೆ ಒಂದು ಕೈಯ ಬೆಲೆಯಾಗಿತ್ತು. ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ, ಕಥೆಯ ನಾಯಕನು ಮೆರೆಯುವುದು ಸವಾರಿಯಲ್ಲಲ್ಲ, ನೆಲದ ಮೇಲೆ ತೆವಳುವ ಸಾಹಸದಲ್ಲಿ.

ದುರ್ಗದ ಬಲವಿದ್ದುದು ಬೇಡರ ಕಾಲಾಳಿನಲ್ಲಿ. ಹಿರಿಯೂರಿನ ಕಡೆಯ ಬಯಲು ಅಶ್ವಬಲಕ್ಕೆ ಅನುಕೂಲವಾದುದು. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಭಾದ ಮುಖ್ಯಸ್ಥಳವನ್ನಾಗಿ ಮಾಡಿಕೊಂಡ ಮೇಲೆ ನಾಯಕರ ನೆರೆಯಲ್ಲಿಯೇ ಸವಾರರ ಸೈನ್ಯವೊಂದು ನೆಲೆಯೂರಿತು. ಸುಮಾರು 1748ರಲ್ಲಿ ಹಿರಿಯ ಮದಕರಿನಾಯಕನು ಮಡಿದುದೂ ಕೋಟೆಯ ಹೊರಗೆ, ಮಾಯಕೊಂಡದ ರಣದಲ್ಲಿ. ಕೋಟೆಯೊಳಗಿನ ಮಾತೇ ಬೇರೆ. ಬಂಡೆಗಳ ನಡುವೆ ತಿರುತಿರುಗಿ ಸಾಗುವ ಬಾಗಿಲುದಾರಿಯಲ್ಲಿ ಕುದುರೆಯು ನಾಲ್ಕು ನೆಗೆತ ಓಡುವಷ್ಟರಲ್ಲಿ ಗೋಡೆ ಎದುರಾಗುತ್ತದೆ. ವೇಗವಿಲ್ಲದೆಡೆ ರಿಕಾಪಿನ ಆಘಾತಶಕ್ತಿಯೂ ಇಲ್ಲ. 1779ರಲ್ಲಿ ದುರ್ಗವನ್ನು ಹೈದರಾಲಿಯ ವಶಕ್ಕೆ ತಂದುದು ಅವನ ಪ್ರಸಿದ್ಧ ಅಶ್ವದಳವಲ್ಲ. ಮುತ್ತಿಗೆ ಮತ್ತು ಒಳಗಿನವರ ದ್ರೋಹ. ಅನಂತರ ಅವನು ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕಾಲಾಳಿನ ಬೆಲೆಯನ್ನು ಬಲ್ಲವನ ಕಾರ್ಯವಿದು.

ಮೈಸೂರಿನ ಸವಾರರು ಈಟಿ ಹಿಡಿದು ರಿಕಾಪಿನ ಮೇಲೆ ನಡೆಸಿದ ಪ್ರಸಿದ್ಧ ದಾಳಿಯು 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾದಲ್ಲಿ, ಜೋಧಪುರದ ದಳದೊಡನೆ ಜರುಗಿತು.

ಯುದ್ಧದ ಹೊರಗೂ ಈ ಆಕಾರವು ಉಳಿದಿದೆ. ನಮ್ಮ ದೇಹದ ಅತಿ ಚಿಕ್ಕ ಮೂಳೆಯು ಕಿವಿಯೊಳಗಿದ್ದು, ರಿಕಾಪಿನಂತಿರುವುದರಿಂದ ಅದೇ ಹೆಸರನ್ನು ಪಡೆದಿದೆ. ಪ್ರಾಚೀನ ರೋಮನರಲ್ಲಿ ರಿಕಾಪೇ ಇರಲಿಲ್ಲವಾಗಿ, ಅದಕ್ಕೆ ಲ್ಯಾಟಿನ್ ಹೆಸರನ್ನು ಅನಂತರದವರು ಟಂಕಿಸಬೇಕಾಯಿತು. ಕಾಂಕ್ರೀಟಿನ ತೊಲೆಗಳಲ್ಲಿ ಉದ್ದಕಂಬಿಗಳನ್ನು ಸುತ್ತುಗಟ್ಟಿ, ತೊಲೆಯು ಓರೆಯಾಗಿ ಬಿರಿಯದಂತೆ ತಡೆಯುವ ಮಡಿಸಿದ ಕಂಬಿಗೂ ಇಂಗ್ಲಿಷಿನಲ್ಲಿ ರಿಕಾಪಿನ ಹೆಸರೇ ಇದೆ. ನಮ್ಮ ಕಂಬಿ ಕಟ್ಟುವವರು ಮಾತ್ರ ಅದನ್ನು ರಿಂಗು ಎಂದು ಕರೆಯುತ್ತಾರೆ.