ಸ್ವಸಂವಾದ

ಮನುಷ್ಯ ತನ್ನೊಂದಿಗೆ ತಾನೇ ಗಟ್ಟಿಯಾಗಿಯೋ ಮನಸ್ಸಿನೊಳಗೋ ಆಡಿಕೊಳ್ಳುವ ಮಾತಿಗೆ ಮನೋವಿಜ್ಞಾನದಲ್ಲಿ ಸ್ವಸಂವಾದ ಎಂದು ಹೆಸರು. ಗಾಬರಿಯನ್ನು ತಗ್ಗಿಸಿ, ಗಮನವನ್ನು ಕೆಲಸದ ಕಡೆಗೆ ತಿರುಗಿಸಿ, ತಪ್ಪಿದಾಗ ತಿದ್ದಿಕೊಳ್ಳಲು ನೆರವಾಗುವ ಮಾತು ಸಕಾರಾತ್ಮಕ ಸ್ವಸಂವಾದ. ತನ್ನನ್ನು ಹಳಿದುಕೊಳ್ಳುವ, ಒಂದು ಸೋಲನ್ನೇ ಇಡೀ ಬದುಕಿನ ತೀರ್ಪೆಂದು ಬಗೆಯುವ ಮಾತು ನಕಾರಾತ್ಮಕ ಸ್ವಸಂವಾದ. ಸಕಾರಾತ್ಮಕ ಸ್ವಸಂವಾದವೆಂದರೆ ತನ್ನನ್ನು ತಾನು ಹೊಗಳಿಕೊಳ್ಳುವುದು ಎಂಬ ತಿಳಿವಳಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ದಿನನಿತ್ಯದ ತೊಡಕುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು, ಆಡಿಕೊಳ್ಳುವವರೇ ನಂಬಬಹುದಾದ, ಮುಂದಿನ ಹೆಜ್ಜೆ ಯಾವುದೆಂದು ಸ್ಪಷ್ಟವಾಗಿ ಹೇಳುವ ಮಾತು.

ಬಾಲ್ಯದ ಮೂಲ

ಮೂರು ನಾಲ್ಕು ವರ್ಷದ ಮಕ್ಕಳು ಆಟವಾಡುವಾಗ ಯಾರನ್ನೂ ಉದ್ದೇಶಿಸದೆ ಮಾತಾಡುತ್ತಿರುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ 1923ರ ತನ್ನ ಗ್ರಂಥದಲ್ಲಿ ಇದನ್ನು ಸ್ವಕೇಂದ್ರಿತ ಮಾತು ಎಂದು ಕರೆದು, ಮಗು ಬೆಳೆದಂತೆ ಅದು ಅಳಿದುಹೋಗುತ್ತದೆಂದು ಭಾವಿಸಿದ. ರಷ್ಯಾದ ಲೆವ್ ವೈಗೋಟ್‌ಸ್ಕಿ (1896–1934) ಇದನ್ನು ಒಪ್ಪಲಿಲ್ಲ. ಚಿತ್ರ ಬರೆಯಲು ಕುಳಿತ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಸಿಗದಂತೆ ಮಾಡಿ ಅವನು ಗಮನಿಸಿದ. ಅಡ್ಡಿ ಎದುರಾದ ಕೂಡಲೇ ಮಗುವಿನ ಮಾತು ಹೆಚ್ಚಿತು. ಪೆನ್ಸಿಲ್ ಎಲ್ಲಿ ಹೋಯಿತು, ಇಲ್ಲದಿದ್ದರೆ ಬೇರೆ ಬಣ್ಣದಲ್ಲಿ ಹೇಗೆ ಬರೆಯಬಹುದು ಎಂದು ಮಗು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಲೇ ದಾರಿ ಹುಡುಕಿತು.

ಹೀಗೆ ಆ ಮಾತು ವ್ಯರ್ಥ ಗೊಣಗಾಟವಲ್ಲ, ಯೋಚನೆಯ ಸಾಧನ ಎಂದು ವೈಗೋಟ್‌ಸ್ಕಿ ವಾದಿಸಿದ. ಹಿರಿಯರು ಹೇಳಿಕೊಟ್ಟ ಸೂಚನೆಗಳನ್ನು ಮಗು ಮೊದಲು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತದೆ, ಆಮೇಲೆ ಪಿಸುಗುಟ್ಟುತ್ತದೆ, ಕೊನೆಗೆ ಆ ಮಾತು ಮೌನವಾಗಿ ಒಳಗಿನ ನುಡಿಯಾಗುತ್ತದೆ. ಈ ವಿಚಾರಗಳು 1934ರಲ್ಲಿ, ಅವನು ತೀರಿಕೊಂಡ ವರ್ಷವೇ, ಗ್ರಂಥರೂಪದಲ್ಲಿ ಪ್ರಕಟವಾದವು. ಮನೆಯಲ್ಲಿ ಮಗು ಕೇಳಿಸಿಕೊಂಡ ಮಾತಿನ ಧಾಟಿ ಅದು ಮುಂದೆ ತನಗೆ ತಾನು ಹೇಳಿಕೊಳ್ಳುವ ಮಾತಿನಲ್ಲೂ ಉಳಿಯಬಹುದು ಎಂಬುದು ಈ ವಾದದಿಂದ ಹೊರಡುವ ಮುಖ್ಯ ಪಾಠ.

ಚರಿತ್ರೆ

ಮಾತಿನಿಂದ ಮನಸ್ಸನ್ನು ತಿದ್ದಬಹುದೆಂಬ ಆಲೋಚನೆ ಪ್ರಾಚೀನವಾದುದು. ಘಟನೆಗಳಿಗಿಂತ ಅವುಗಳ ಬಗ್ಗೆ ನಾವು ಮಾಡಿಕೊಳ್ಳುವ ಅಭಿಪ್ರಾಯಗಳೇ ನಮ್ಮನ್ನು ಕಂಗೆಡಿಸುತ್ತವೆ ಎಂದು ಸ್ಟೋಯಿಕ್ ತತ್ತ್ವಜ್ಞಾನಿ ಎಪಿಕ್ಟೆಟಸ್ ಬೋಧಿಸಿದ್ದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕುಯೆ (1857–1926) ಸ್ವಸೂಚನೆ ಎಂಬ ವಿಧಾನವನ್ನು ಜನಪ್ರಿಯಗೊಳಿಸಿದ. ದಿನದಿಂದ ದಿನಕ್ಕೆ ತಾನು ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ ಎಂಬರ್ಥದ ವಾಕ್ಯವನ್ನು ಇಪ್ಪತ್ತು ಗಂಟುಗಳ ದಾರ ಹಿಡಿದು ಎಣಿಸುತ್ತಾ ಹೇಳಿಕೊಳ್ಳುವುದು ಅವನ ಕ್ರಮ. 1952ರಲ್ಲಿ ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ಬರೆದ ಪುಸ್ತಕ ಸಕಾರಾತ್ಮಕ ಚಿಂತನೆ ಎಂಬ ಮಾತನ್ನು ಮನೆಮಾತಾಗಿಸಿತು.

ಚಿಕಿತ್ಸೆಯ ಕ್ಷೇತ್ರ ಬೇರೆ ದಾರಿ ಹಿಡಿಯಿತು. 1950ರ ದಶಕದ ನಡುಭಾಗದಲ್ಲಿ ಮನೋಚಿಕಿತ್ಸಕ ಆಲ್ಬರ್ಟ್ ಎಲ್ಲಿಸ್, 1960ರ ದಶಕದಲ್ಲಿ ಮನೋವೈದ್ಯ ಏರನ್ ಬೆಕ್, ರೋಗಿಗಳು ತಮಗೆ ತಾವೇ ಹೇಳಿಕೊಳ್ಳುವ ಮಾತನ್ನು ಪರೀಕ್ಷೆಗೆ ಒಡ್ಡುವ ವಿಧಾನಗಳನ್ನು ರೂಪಿಸಿದರು. ಕಹಿ ಮಾತಿನ ಜಾಗದಲ್ಲಿ ಸಿಹಿ ಮಾತನ್ನು ಕೂರಿಸುವುದು ಅವರ ಉದ್ದೇಶವಾಗಿರಲಿಲ್ಲ. ‘ಇದು ನಿಜವೇ? ಇದಕ್ಕೆ ಆಧಾರವೇನು? ಬೇರೆ ವಿವರಣೆ ಇದೆಯೇ?’ ಎಂದು ಪ್ರಶ್ನಿಸಿ, ವಾಸ್ತವಕ್ಕೆ ಹೊಂದುವ ಮಾತನ್ನು ಕಂಡುಕೊಳ್ಳುವುದು ಅವರ ಗುರಿ. ಇಂದಿನ ಅರಿವಿನ ವರ್ತನಾ ಚಿಕಿತ್ಸೆ ಬೆಳೆದದ್ದು ಈ ಬುಡದಿಂದಲೇ.

ಕಲಿಸುವ ವಿಧಾನ

ಸಮಸ್ಯೆ ಬಿಡಿಸಲು ಸ್ವಸಂವಾದವನ್ನು ಕ್ರಮವಾಗಿ ಕಲಿಸಬಹುದೆಂದು ತೋರಿಸಿದವರಲ್ಲಿ ಮನೋವಿಜ್ಞಾನಿ ಡೊನಾಲ್ಡ್ ಮೈಕೆನ್‌ಬಾಮ್ ಪ್ರಮುಖರು. 1971ರಲ್ಲಿ ಅವರು ಜೋಸೆಫ್ ಗುಡ್‌ಮನ್ ಜೊತೆಗೂಡಿ, ಯೋಚಿಸದೆ ಧಾವಿಸುವ ಸ್ವಭಾವದ ಶಾಲಾ ಮಕ್ಕಳಿಗೆ ನೀಡಿದ ತರಬೇತಿಯ ಫಲವನ್ನು ಪ್ರಕಟಿಸಿದರು. ಮೊದಲು ದೊಡ್ಡವರು ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾ ಒಂದು ಕೆಲಸ ಮಾಡಿ ತೋರಿಸುತ್ತಾರೆ. ನಂತರ ಮಗು ಅವರ ಸೂಚನೆಯಂತೆ ಅದೇ ಕೆಲಸ ಮಾಡುತ್ತದೆ. ಮೂರನೆಯ ಸಲ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾ, ನಾಲ್ಕನೆಯ ಸಲ ಪಿಸುಗುಟ್ಟುತ್ತಾ, ಕೊನೆಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಮಾಡುತ್ತದೆ.

ಈ ಮಾತಿನಲ್ಲಿ ನಾಲ್ಕು ಅಂಶಗಳಿದ್ದವು: ಮಾಡಬೇಕಾದದ್ದೇನು ಎಂಬ ಪ್ರಶ್ನೆ, ಹೇಗೆ ಮಾಡಬೇಕೆಂಬ ಸೂಚನೆ, ತಪ್ಪಾದಾಗ ತಿದ್ದಿಕೊಂಡು ಮುಂದುವರಿಯುವ ಮಾತು, ಮುಗಿದಾಗ ಒಂದು ಮೆಚ್ಚುಗೆ. ತಪ್ಪಾಗುವ ಸಾಧ್ಯತೆಗೆ ಮೊದಲೇ ಜಾಗ ಕೊಟ್ಟಿರುವುದು ಈ ವಿಧಾನದ ದೊಡ್ಡ ಬಲ.

ಬಗೆಗಳು ಮತ್ತು ಸಂಶೋಧನೆ

ಕ್ರೀಡಾ ಮನೋವಿಜ್ಞಾನದಲ್ಲಿ ಸ್ವಸಂವಾದವನ್ನು ಎರಡಾಗಿ ವಿಂಗಡಿಸುತ್ತಾರೆ. ‘ಚೆಂಡಿನ ಮೇಲೆ ಕಣ್ಣಿಡು’ ಎಂಬಂಥದು ಸೂಚನಾತ್ಮಕ. ‘ಇನ್ನೊಂದು ಸುತ್ತು, ಆಗುತ್ತೆ’ ಎಂಬಂಥದು ಪ್ರೇರಣಾತ್ಮಕ. ಗ್ರೀಸಿನ ಸಂಶೋಧಕರು 2011ರಲ್ಲಿ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಸ್ವಸಂವಾದ ಕ್ರೀಡಾ ಸಾಧನೆಯನ್ನು ಮಧ್ಯಮ ಪ್ರಮಾಣದಲ್ಲಿ ಉತ್ತಮಪಡಿಸುವುದು ಕಂಡುಬಂತು. ನಯ, ನಿಖರತೆ ಬೇಡುವ ಕೆಲಸಗಳಲ್ಲಿ ಸೂಚನಾತ್ಮಕ ಮಾತು ಹೆಚ್ಚು ಫಲ ಕೊಟ್ಟಿತು.

ತನ್ನನ್ನು ತಾನೇ ಹೆಸರು ಹಿಡಿದು ಕರೆದುಕೊಳ್ಳುವುದು ಮತ್ತೊಂದು ಬಗೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ‘ನಾನು’ ಎನ್ನುವ ಬದಲು ತಮ್ಮ ಹೆಸರನ್ನು ಬಳಸಿ ಮನಸ್ಸಿನಲ್ಲಿ ಮಾತಾಡಿಕೊಂಡವರು ಹೆಚ್ಚು ಚೆನ್ನಾಗಿ ಮಾತಾಡಿದರು; ಆಮೇಲೆ ಅದನ್ನೇ ಮೆಲುಕು ಹಾಕಿ ಕೊರಗುವುದೂ ಕಡಿಮೆಯಿತ್ತು. ಬೇರೆಯವರ ಕಷ್ಟಕ್ಕೆ ನಾವು ಸುಲಭವಾಗಿ ವಿವೇಕದ ಮಾತು ಹೇಳುತ್ತೇವೆ. ತನ್ನನ್ನೇ ಇನ್ನೊಬ್ಬರೆಂಬಂತೆ ಕರೆದುಕೊಂಡಾಗ ಅದೇ ವಿವೇಕ ತನಗೂ ಒದಗುತ್ತದೆ.

ಕನ್ನಡ ಸಾಹಿತ್ಯಕ್ಕೆ ಈ ಬಗೆಯ ಮಾತು ಹೊಸದಲ್ಲ. ಹರಿದಾಸರ ಅನೇಕ ಕೀರ್ತನೆಗಳು ನೇರವಾಗಿ ಮನಸ್ಸನ್ನೇ ಸಂಬೋಧಿಸಿ ಬುದ್ಧಿ ಹೇಳುತ್ತವೆ, ಧೈರ್ಯ ತುಂಬುತ್ತವೆ. ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ (1943) ಮಂಕುತಿಮ್ಮ ಎಂಬ ಅಂಕಿತವನ್ನು ಕರೆದು ಹೇಳುವ ಪದ್ಯಗಳ ಸಂಗ್ರಹ. ಅವುಗಳ ಉದ್ದೇಶ ಅಧ್ಯಾತ್ಮ ಮತ್ತು ಜೀವನದರ್ಶನ. ಆದರೂ ತನ್ನಿಂದ ಒಂದು ಹೆಜ್ಜೆ ದೂರ ನಿಂತು ತನಗೆ ಹೇಳಿಕೊಳ್ಳುವ ಧಾಟಿ ಅಲ್ಲಿ ಸ್ಪಷ್ಟವಾಗಿದೆ.

ದಿನನಿತ್ಯದ ಬಳಕೆ

ಪರೀಕ್ಷೆ: ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯಲ್ಲಿ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮವೆಂದು ಸಾಧಿಸಬೇಕಾಗಿದೆ, ವಿದ್ಯಾರ್ಥಿನಿಗೆ ಎಲ್ಲವೂ ಮರೆತಂತಾಗಿದೆ ಎಂದುಕೊಳ್ಳೋಣ. ‘ಎಲ್ಲ ಮರೆತುಹೋಯ್ತು, ಫೇಲಾಗ್ತೀನಿ’ ಎಂಬ ಮಾತು ಗಮನವನ್ನು ಪ್ರಶ್ನೆಯಿಂದ ಫಲಿತಾಂಶದತ್ತ ಎಳೆಯುತ್ತದೆ. ‘ನಾನು ಗಣಿತದಲ್ಲಿ ಪ್ರಚಂಡೆ’ ಎಂಬ ಮಾತಿನಿಂದಲೂ ಉತ್ತರ ಹೊಳೆಯುವುದಿಲ್ಲ. ಕೆಲಸಕ್ಕೆ ಬರುವ ಮಾತು ಹೀಗಿರುತ್ತದೆ: ‘ದತ್ತ ಏನು? ವೃತ್ತ, ಹೊರಗೊಂದು ಬಿಂದು. ಸಾಧಿಸಬೇಕಾದ್ದು? ಎರಡೂ ಸ್ಪರ್ಶಕ ಸಮ. ಮೊದಲು ಚಿತ್ರ ಬರಿ. ಕೇಂದ್ರದಿಂದ ಎರಡು ತ್ರಿಜ್ಯ ಎಳಿ. ಸ್ಪರ್ಶಬಿಂದುವಿನಲ್ಲಿ ತೊಂಬತ್ತು ಡಿಗ್ರಿ. ಕೇಂದ್ರವನ್ನೂ ಹೊರಗಿನ ಬಿಂದುವನ್ನೂ ಸೇರಿಸು. ಎರಡು ಲಂಬಕೋನ ತ್ರಿಭುಜ ಬಂತು; ವಿಕರ್ಣ ಎರಡಕ್ಕೂ ಒಂದೇ.’ ಇಷ್ಟು ಹೇಳಿಕೊಳ್ಳುವಷ್ಟರಲ್ಲಿ ಅರ್ಧ ಸಾಧನೆ ಹಾಳೆಯ ಮೇಲಿರುತ್ತದೆ.

ಹಣದ ಎಡವಟ್ಟು: ಅವಸರದಲ್ಲಿ ಯುಪಿಐ ಮೂಲಕ ಬೇರೆ ಸಂಖ್ಯೆಗೆ ಹಣ ಹೋದಾಗ ‘ನನಗೆ ಬುದ್ಧಿಯೇ ಇಲ್ಲ’ ಎಂದು ಹಳಿದುಕೊಂಡರೆ ಸಮಯ ಹಾಳು. ‘ಆಗಿದ್ದು ಆಯ್ತು. ಮೊದಲು ವ್ಯವಹಾರದ ಸಂಖ್ಯೆ ಬರೆದಿಟ್ಟುಕೋ. ಆ್ಯಪ್‌ನಲ್ಲಿ ದೂರು ಹಾಕು. ಆಮೇಲೆ ಬ್ಯಾಂಕಿಗೆ ಫೋನ್ ಮಾಡು’ ಎಂಬ ಮಾತು ಕೈಗೆ ಕೆಲಸ ಕೊಡುತ್ತದೆ. ವಂಚನೆಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದೂ ಇದೇ ಸಾಲಿಗೆ ಸೇರುತ್ತದೆ.

ಮರೆವು ಮತ್ತು ಹುಡುಕಾಟ: ಹುಡುಕುತ್ತಿರುವ ವಸ್ತುವಿನ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡರೆ, ಅದರ ರೂಪ ಚೆನ್ನಾಗಿ ಪರಿಚಿತವಾಗಿದ್ದಲ್ಲಿ, ಬೇಗ ಸಿಗುತ್ತದೆ ಎಂದು ಮನೋವಿಜ್ಞಾನಿಗಳಾದ ಗ್ಯಾರಿ ಲುಪ್ಯಾನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ ವರದಿ ಮಾಡಿದರು. ಮನೆ ಬಿಡುವಾಗ ‘ಗ್ಯಾಸ್ ಆಫ್ ಮಾಡಿದೆ, ಬೀಗ ಹಾಕಿದೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದೂ ಗಮನವನ್ನು ಕೆಲಸಕ್ಕೆ ಕಟ್ಟಿಹಾಕುವ ಉಪಾಯ. ಜಪಾನಿನ ರೈಲ್ವೆಯಲ್ಲಿ ಸಿಬ್ಬಂದಿ ಸಿಗ್ನಲ್ಲಿನತ್ತ ಬೆರಳು ತೋರಿಸಿ ಅದನ್ನು ಗಟ್ಟಿಯಾಗಿ ಹೇಳುವ ಪದ್ಧತಿ ಬಹುಕಾಲದಿಂದ ಜಾರಿಯಲ್ಲಿದೆ. ಭಾರತೀಯ ರೈಲ್ವೆಯ ಲೋಕೋ ಪೈಲಟ್ ಮತ್ತು ಸಹಾಯಕರೂ ಸಿಗ್ನಲ್ ಬಣ್ಣವನ್ನು ಪರಸ್ಪರ ಕೂಗಿ ಹೇಳುತ್ತಾರೆ.

ಅಳುಕು: ಭಾಷಣ, ಸಂದರ್ಶನಗಳ ಮುಂಚೆ ಎದೆ ಹೊಡೆದುಕೊಳ್ಳುವಾಗ ‘ಶಾಂತವಾಗಿರು’ ಎನ್ನುವುದಕ್ಕಿಂತ ‘ನನಗೆ ಉತ್ಸಾಹ ಬಂದಿದೆ’ ಎಂದುಕೊಂಡವರ ಪ್ರದರ್ಶನ ಉತ್ತಮವಾಗಿತ್ತು ಎಂದು ಆಲಿಸನ್ ವುಡ್ ಬ್ರೂಕ್ಸ್ ಅವರ 2014ರ ಅಧ್ಯಯನ ತೋರಿಸಿತು. ಆತಂಕದಲ್ಲೂ ಉತ್ಸಾಹದಲ್ಲೂ ಎದೆಬಡಿತ ಹೆಚ್ಚಿರುತ್ತದೆ. ಆದ್ದರಿಂದ ಒಂದನ್ನು ಇನ್ನೊಂದಾಗಿ ಬಗೆಯುವುದು ಮೈಯನ್ನು ಪೂರ್ತಿ ತಣ್ಣಗಾಗಿಸುವುದಕ್ಕಿಂತ ಸುಲಭ.

ಮಿತಿಗಳು

ನಂಬಿಕೆಯಿಲ್ಲದ ಹೊಗಳಿಕೆ ಹಾನಿ ಮಾಡಬಲ್ಲದು. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರ 2009ರ ಪ್ರಯೋಗದಲ್ಲಿ, ತಾನು ಪ್ರೀತಿಗೆ ಅರ್ಹ ವ್ಯಕ್ತಿ ಎಂಬ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡವರಲ್ಲಿ ಆತ್ಮಗೌರವ ಕಡಿಮೆಯಿದ್ದವರು, ಹೇಳಿಕೊಳ್ಳದವರಿಗಿಂತ ಹೆಚ್ಚು ಕುಗ್ಗಿದರು. ಯಾರಿಗೆ ಆ ಮಾತು ಹೆಚ್ಚು ಬೇಕೆಂದು ತೋರುತ್ತದೋ ಅವರಿಗೇ ಅದು ಹೊರೆಯಾಯಿತು. ಗುರಿ ಈಗಾಗಲೇ ಕೈಗೂಡಿದಂತೆ ಕನಸು ಕಾಣುವುದು ಪ್ರಯತ್ನವನ್ನೇ ಸಡಿಲಿಸುತ್ತದೆಂದು ಮನೋವಿಜ್ಞಾನಿ ಗೇಬ್ರಿಯೆಲೆ ಓಟಿಂಗೆನ್ ಅವರ ಅಧ್ಯಯನಗಳು ಹೇಳುತ್ತವೆ. ಗುರಿಯ ಜೊತೆಗೆ ಎದುರಾಗುವ ಅಡ್ಡಿಯನ್ನೂ ನೆನೆದು, ಅದು ಬಂದಾಗ ಏನು ಮಾಡುವುದೆಂದು ನಿಶ್ಚಯಿಸಿಕೊಳ್ಳಬೇಕೆಂಬುದು ಅವರ ಸಲಹೆ.

ಸಂಬಳ ಬಾಕಿ, ಸಾಲದ ಕಾಟ, ಮನೆಯೊಳಗಿನ ಹಿಂಸೆ ಇವು ಮಾತಿನಿಂದ ನೀಗುವ ಸಮಸ್ಯೆಗಳಲ್ಲ. ಅಂಥ ಸ್ಥಿತಿಯಲ್ಲಿರುವವರಿಗೆ ‘ಒಳ್ಳೆಯದನ್ನೇ ಯೋಚಿಸು’ ಎಂದು ಉಪದೇಶಿಸುವುದು ಅನ್ಯಾಯ. ಯಾರ ಬಳಿ ನೆರವು ಕೇಳಬೇಕೆಂದು ತೀರ್ಮಾನಿಸಿ ಮೊದಲ ಹೆಜ್ಜೆ ಇಡುವುದಕ್ಕಷ್ಟೇ ಸ್ವಸಂವಾದ ಅವರಿಗೆ ಸಹಾಯಕ. ವಾರಗಟ್ಟಲೆ ಬಿಡದ ಬೇಸರ, ನಿದ್ರಾಭಂಗ, ಬದುಕೇ ಬೇಡವೆಂಬ ಯೋಚನೆ ಇದ್ದರೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಸುಮ್ಮನಿರಬಾರದು. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ; ಕನ್ನಡದಲ್ಲೇ ಮಾತಾಡಬಹುದು.