ಬ್ಯಾರನ್ನಿನೊಳಗಿನ ಕಿಣ್ವ

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳ ಒಲೆ ಹೊತ್ತಿಕೊಳ್ಳುತ್ತದೆ. ಗಿಡದ ಬುಡದಿಂದ ಬಲಿತ ಎಲೆಗಳನ್ನು ಮುರಿದು ತಂದು, ಕಡ್ಡಿಗಳಿಗೆ ಕಟ್ಟಿ, ಎತ್ತರದ ಗೋಡೆಗಳ ಆ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಮುಂದಿನ ಐದಾರು ದಿನ ಮನೆಯಲ್ಲಿ ಒಬ್ಬರಾದರೂ ರಾತ್ರಿ ಎದ್ದಿರಬೇಕು. ಸೌದೆ ಒಡ್ಡಬೇಕು, ಎಲೆಯ ಬಣ್ಣ ನೋಡಬೇಕು, ಶಾಖ ಅಳೆಯಬೇಕು. ಒಂದು ರಾತ್ರಿ ಕಣ್ಣು ತಪ್ಪಿದರೂ ಸೊಪ್ಪು ಹಸಿರಾಗಿಯೇ ಒಣಗುತ್ತದೆ, ಇಲ್ಲವೇ ಕಂದಿಹೋಗುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಅಂಥ ಸೊಪ್ಪಿಗೆ ಬೆಲೆ ಇಲ್ಲ.

ಇದನ್ನು ರೈತರು ಸೊಪ್ಪು ಬೇಯಿಸುವುದು ಎನ್ನುತ್ತಾರೆ. ಆದರೆ ಮೊದಲೆರಡು ದಿನ ಅಲ್ಲಿ ಏನೂ ಬೇಯುವುದಿಲ್ಲ. ಶಾಖ ಹೆಚ್ಚು ಕಡಿಮೆ ನಮ್ಮ ಮೈಯ ಬಿಸಿಯಷ್ಟೇ ಇರುತ್ತದೆ. ಕಿತ್ತ ಎಲೆ ಇನ್ನೂ ಸತ್ತಿರುವುದಿಲ್ಲ. ಅದರೊಳಗೆ ಕಿಣ್ವಗಳು ದುಡಿಯುತ್ತಿರುತ್ತವೆ. ಶಾಲೆಯ ಪಠ್ಯಪುಸ್ತಕದಲ್ಲಿ ಜೊಲ್ಲುರಸದ ಪಾಠದಲ್ಲಿ ಬಂದುಹೋಗುವ ಈ ಪದಕ್ಕೆ ಉದ್ದನೆಯ ಚರಿತ್ರೆಯಿದೆ.

1833ರಲ್ಲಿ ಪ್ಯಾರಿಸ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ರಸಾಯನಶಾಸ್ತ್ರಜ್ಞರು ಮೊಳಕೆ ಬಂದ ಬಾರ್ಲಿಯ ರಸದಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಶಕ್ತಿ ಅದಕ್ಕಿತ್ತು. ಕುದಿಸಿದರೆ ಆ ಶಕ್ತಿ ಹೋಗುತ್ತಿತ್ತು. ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಮೈಸೂರು ಸೀಮೆಯ ತಾಯಂದಿರಿಗೆ ಈ ಗುಣ ಹೊಸತಲ್ಲ. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿದ ಹಿಟ್ಟಿನ ಗಂಜಿ ತೆಳ್ಳಗೂ ಸಿಹಿಯಾಗಿಯೂ ಇರುತ್ತದೆ. ಹಾಗಾಗಿ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಕೂಸಿಗೆ ಹೆಚ್ಚು ಕಸುವು ಸಿಗುತ್ತದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಸಂಶೋಧನೆ ನಡೆಸಿದ್ದು ಈ ಗುಣವನ್ನು ಹಿಡಿದೇ.

ಹಿಟ್ಟು ಹುಳಿಯಲು, ಹಣ್ಣಿನ ರಸ ಹೆಂಡವಾಗಲು ಜೀವಂತ ಕಣಗಳೇ ಬೇಕು ಎಂಬುದು ಲೂಯಿ ಪಾಶ್ಚರನ ವಾದವಾಗಿತ್ತು. 1878ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಇಂಥ ವಸ್ತುಗಳಿಗೆ ಎನ್‌ಜೈಮ್ ಎಂಬ ಹೆಸರು ಕೊಟ್ಟ. ಗ್ರೀಕ್ ಭಾಷೆಯಲ್ಲಿ ಅದರರ್ಥ 'ಹುದುಗಿನೊಳಗಿರುವುದು'. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ, ಜೀವಕೋಶಗಳಿಲ್ಲದ ಬರಿಯ ರಸದಿಂದಲೇ ಸಕ್ಕರೆಯನ್ನು ಮದ್ಯವಾಗಿಸಿ ತೋರಿಸಿದ. 1907ರ ನೊಬೆಲ್ ಬಹುಮಾನ ಆತನಿಗೆ ಬಂತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳಾಗಿಸಿ, ಅದು ಪ್ರೋಟೀನು ಎಂದು ತೋರಿಸಿದ.

ಕನ್ನಡದಲ್ಲಿ ಶಾಸ್ತ್ರ ಬರೆದವರು ಎನ್‌ಜೈಮಿಗೆ ಆರಿಸಿಕೊಂಡ 'ಕಿಣ್ವ' ಹಳೆಯ ಸಂಸ್ಕೃತ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕೆಲಸ ಹೇಳುವ ಕಡೆ ಕಿಣ್ವ ಬರುತ್ತದೆ. ಉದ್ದಿನ ಹಿಟ್ಟು, ಅಕ್ಕಿ, ಕೆಲವು ಮೂಲಿಕೆ ಸೇರಿಸಿ ಕಟ್ಟಿದ, ಮದ್ಯಕ್ಕೆ ಹಾಕುವ ಹುದುಗು ಅದು. ಜಡವಸ್ತುಗಳ ಕೂಟದಿಂದ ಚೈತನ್ಯ ಹುಟ್ಟುವುದಕ್ಕೆ ಚಾರ್ವಾಕರು ಕೊಟ್ಟ ಉಪಮೆಯೂ ಕಿಣ್ವದಿಂದ ಹುಟ್ಟುವ ಮದಶಕ್ತಿಯದೇ. ಯೂರೋಪಿನವರ ಪದ, ನಮ್ಮವರ ಪದ ಎರಡೂ ಹುಳಿಯುವ ಮಡಕೆಯಿಂದಲೇ ಬಂದವು.

ಮತ್ತೆ ಬ್ಯಾರನ್ನಿಗೆ ಬರೋಣ. ಬಲಿತ ಹಸಿರೆಲೆಯ ಒಣತೂಕದಲ್ಲಿ ಕಾಲುಭಾಗದಷ್ಟು ಪಿಷ್ಟವೇ ಇರಬಹುದು. ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ತೇವದಲ್ಲಿ ಅಮೈಲೇಸ್ ಕಿಣ್ವಗಳು ಅದನ್ನು ಸಕ್ಕರೆಯಾಗಿ ಒಡೆಯುತ್ತವೆ. ಪಾಯೆನ್ ಕಂಡ ಡಯಾಸ್ಟೇಸೂ, ನಮ್ಮ ಜೊಲ್ಲಿನಲ್ಲಿರುವುದೂ ಇದೇ ಬಳಗದ್ದು. ಇತ್ತ ಬೇರೆ ಕಿಣ್ವಗಳು ಪತ್ರಹರಿತ್ತನ್ನು ಕಳಚುತ್ತವೆ, ಎಲೆ ಹಳದಿಗೆ ತಿರುಗುತ್ತದೆ. ಆತುರಪಟ್ಟು ಬೇಗ ಒಣಗಿಸಿದರೆ ಕೆಲಸ ಅರ್ಧಕ್ಕೆ ನಿಂತು ಹಸಿರು ಉಳಿಯುತ್ತದೆ.

ಹಳದಿ ಬಂದ ಮೇಲೆ ಗಾಳಿಕಿಂಡಿ ತೆರೆದು, ಶಾಖವನ್ನು ಮೆಲ್ಲಗೆ ಏರಿಸುತ್ತಾರೆ. ಎಲೆಯ ನೀರು ಹೋಗುವ ಮೊದಲೇ ಶಾಖ ಏರಿದರೆ ಜೀವಕೋಶಗಳು ಒಡೆದು ಇನ್ನೊಂದು ಕಿಣ್ವಕ್ಕೆ ದಾರಿಯಾಗುತ್ತದೆ. ಅದು ಪಾಲಿಫೀನಾಲ್ ಆಕ್ಸಿಡೇಸ್. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಅದರಿಂದಲೇ. ಮೊದಲ ಕಿಣ್ವಗಳಿಗೆ ದುಡಿಯಲು ಹೊತ್ತು ಕೊಟ್ಟು, ಇದಕ್ಕೆ ಹೊತ್ತು ಕೊಡದಿರುವುದೇ ಬ್ಯಾರನ್ ಕಾಯುವವನ ಜಾಣ್ಮೆ. ಕೊನೆಗೆ ಸುಮಾರು 70 ಡಿಗ್ರಿಯಲ್ಲಿ ಎಲೆಯ ನಡುದಂಟು ಒಣಗುತ್ತದೆ.

ಇದೇ ಪದಗಳು ಆಸ್ಪತ್ರೆಯ ಚೀಟಿಯಲ್ಲಿ ಎದುರಾದಾಗ ಮನುಷ್ಯ ಬೆಚ್ಚುತ್ತಾನೆ. ಹೊಟ್ಟೆನೋವೆಂದು ಹೋದವನ ರಕ್ತಪರೀಕ್ಷೆಯಲ್ಲಿ 'ಅಮೈಲೇಸ್' ಇರುತ್ತದೆ. ಮೇದೋಜೀರಕ ಗ್ರಂಥಿ ಊದಿಕೊಂಡರೆ ಅದು ರಕ್ತದಲ್ಲಿ ಏರುತ್ತದೆ. 'ಎಸ್.ಜಿ.ಪಿ.ಟಿ.' ಎಂಬುದೂ ಕಿಣ್ವವೇ. ಯಕೃತ್ತಿನ ಕೋಶಗಳಿಗೆ ಪೆಟ್ಟು ಬಿದ್ದಾಗ ಹೊರಕ್ಕೆ ಸೋರುತ್ತದೆ. ಕಿಣ್ವಗಳ ಹೆಸರಿಗೆ ಸಾಮಾನ್ಯವಾಗಿ 'ಏಸ್' ಎಂಬ ಬಾಲವಿರುತ್ತದೆ, ಅದು ಡಯಾಸ್ಟೇಸಿನಿಂದ ಬಂದದ್ದು. ಬಾಲದ ಮುಂದಿನ ಭಾಗ ಅದು ಯಾವುದರ ಮೇಲೆ ಕೆಲಸ ಮಾಡುತ್ತದೆ, ಇಲ್ಲವೇ ಏನು ಮಾಡುತ್ತದೆ ಎಂಬುದನ್ನು ಹೇಳುತ್ತದೆ.

ಹೊಲದಲ್ಲಿ ಔಷಧಿ ಹೊಡೆಯುವವರು ತಿಳಿದಿರಲೇಬೇಕಾದ ಹೆಸರೊಂದಿದೆ: ಕೋಲಿನೆಸ್ಟರೇಸ್. ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಒಡನೆಯೇ ಅಳಿಸುವುದು ಈ ಕಿಣ್ವದ ಕೆಲಸ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಇದನ್ನು ಕಟ್ಟಿಹಾಕುತ್ತವೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಬೆವರು, ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರು ಕಟ್ಟುತ್ತದೆ. ಕೀಟವನ್ನು ಕೊಲ್ಲುವ ಬಗೆಯೂ ಇದೇ, ಮನುಷ್ಯನನ್ನು ಕೊಲ್ಲುವ ಬಗೆಯೂ ಇದೇ. ಕೈಗವಸಿಲ್ಲದೆ ಪಂಪು ಹೊತ್ತು ಹೊರಟವನಿಗೆ ಇಷ್ಟನ್ನು ಕನ್ನಡದಲ್ಲಿ ಯಾರಾದರೂ ಹೇಳಿದರೆ ಆ ಪಾಠ ಸಾರ್ಥಕ.

ಹಗಲು ತರಗತಿಯಲ್ಲಿ 'ಕಿಣ್ವ ಎಂದರೇನು?' ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿದ ಹುಡುಗಿ ರಾತ್ರಿ ಅಪ್ಪನ ಜೊತೆ ಬ್ಯಾರನ್ ಕಾಯುತ್ತಾಳೆ. ಕಿಂಡಿಯಿಂದ ಅವಳು ನೋಡುವ ಹಳದಿ ಬಣ್ಣವೇ ಆ ಪ್ರಶ್ನೆಯ ಉತ್ತರ. ಅಪ್ಪನಿಗೆ ಕೆಲಸ ಗೊತ್ತು, ಹೆಸರು ಗೊತ್ತಿಲ್ಲ. ಮಗಳಿಗೆ ಹೆಸರು ಗೊತ್ತು, ಕೆಲಸ ಗೊತ್ತಿಲ್ಲ. ಎರಡನ್ನೂ ಜೋಡಿಸಿ ಹೇಳುವ ಮೇಷ್ಟರೊಬ್ಬರು ಆ ಊರಿನಲ್ಲಿರಬೇಕು.