ನಿಲ್ಲದ ಮನಸ್ಸಿನ ಚರಿತ್ರೆ

ಅವಧಾನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅಷ್ಟಾವಧಾನದ ಸಭೆ. ನಡುವೆ ಅವಧಾನಿ, ಸುತ್ತ ಎಂಟು ಮಂದಿ ಪೃಚ್ಛಕರು. ಒಬ್ಬರು ಸಮಸ್ಯೆ ಕೊಡುತ್ತಾರೆ, ಇನ್ನೊಬ್ಬರು ಅಕ್ಷರಗಳನ್ನು ನಿಷೇಧಿಸುತ್ತಾರೆ. ಇವರ ನಡುವೆ ಅಪ್ರಸ್ತುತ ಪ್ರಸಂಗವನ್ನು ವಹಿಸಿಕೊಂಡವರೊಬ್ಬರು ಇರುತ್ತಾರೆ. ಸಂಬಂಧವಿಲ್ಲದ ಮಾತೆತ್ತಿ ಅವಧಾನಿಯ ಏಕಾಗ್ರತೆಯನ್ನು ಕದಡುವುದೇ ಅವರ ಕೆಲಸ. ಸಭೆ ನಗುತ್ತದೆ, ಅವಧಾನಿಯೂ ನಕ್ಕು, ತಕ್ಕ ಉತ್ತರವಿತ್ತು, ಪದ್ಯದ ಪಾದವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾನೆ. ಆದರೆ ಈ ಪೃಚ್ಛಕ ಸಭೆಯಲ್ಲಿ ಕೂರದೆ ನಮ್ಮ ತಲೆಯೊಳಗೇ ಬಿಡಾರ ಹೂಡಿದ್ದರೆ? ಬಿಟ್ಟ ಪಾದ ಯಾವುದೆಂಬುದೇ ಮರೆತುಹೋಗುತ್ತಿದ್ದರೆ? ಅಂಥವರ ವಿಚಾರವನ್ನು ವೈದ್ಯರು ಬರೆಯತೊಡಗಿ ಸುಮಾರು 250 ವರ್ಷಗಳಾದುವು. ಇಂದು ಅದಕ್ಕೆ ಎಡಿಎಚ್‌ಡಿ ಎಂದು ಹೆಸರು.

ಮನಸ್ಸು ಚಂಚಲವೆಂಬುದೇನು ಹೊಸ ಮಾತಲ್ಲ. ಬಸವಣ್ಣನವರೇ ತಮ್ಮ ಮನಸ್ಸನ್ನು ಮರ್ಕಟಕ್ಕೆ ಹೋಲಿಸಿಕೊಂಡಿದ್ದಾರೆ. ಎಲ್ಲರಿಗೂ ಇರುವುದಕ್ಕೆ ರೋಗದ ಹೆಸರೇಕೆ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವಿಷ್ಟೆ: ರಕ್ತದ ಒತ್ತಡವೂ ಎಲ್ಲರಿಗೂ ಇದೆ, ಒಂದು ಮಿತಿಯನ್ನು ದಾಟಿ ಬಾಳನ್ನು ಬಾಧಿಸತೊಡಗಿದಾಗ ಮಾತ್ರ ವೈದ್ಯರ ಬಳಿಗೆ ಹೋಗುತ್ತೇವೆ.

ಈ ಬಾಧೆಯನ್ನು ಮೊದಲು ಗುರುತಿಸಿದವರಲ್ಲಿ ಜರ್ಮನಿಯ ಮೆಲ್ಕಿಯೋರ್ ಆಡಂ ವೈಕಾರ್ಡ್ ಒಬ್ಬ. 1775ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಅವನು ಅನವಧಾನಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಗದ್ದಲದಿಂದ ದೂರವಿಡುವುದು, ತಣ್ಣೀರು ಸ್ನಾನ, ಉಕ್ಕಿನ ಪುಡಿ, ಕುದುರೆ ಸವಾರಿ, ಅಂಗಸಾಧನೆ ಇವು ಅವನ ಚಿಕಿತ್ಸೆ. ಉಕ್ಕಿನ ಪುಡಿಯನ್ನು ಕಾಲ ಕೈಬಿಟ್ಟಿತು. ವ್ಯಾಯಾಮವೂ ನಿಶ್ಶಬ್ದವೂ ಇಂದಿಗೂ ಉಳಿದಿವೆ.

1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಇನ್ನೂ ಸೂಕ್ಷ್ಮವಾಗಿ ಬರೆದ. ಯಾರೋ ಕೋಣೆಯಲ್ಲಿ ಅಡ್ಡಾಡಿದರೆ, ಮೇಜು ಸರಿಸಿದರೆ, ಬಾಗಿಲು ಬಡಿದರೆ, ಬೆಳಕು ತುಸು ಹೆಚ್ಚೋ ಕಡಮೆಯೋ ಆದರೆ ಸಾಕು, ಇಂಥವರ ಗಮನ ಚೆದರುತ್ತದೆ ಎಂದು ಅವನು ಗುರುತಿಸಿದ. ಇದು ಹುಟ್ಟಿನಿಂದಲೇ ಬಂದಿರಬಹುದು ಎಂದೂ ಹೇಳಿದ. ಒಂದು ಕಾಸಿನ ಬೈಗುಳವಿಲ್ಲ ಆ ವರ್ಣನೆಯಲ್ಲಿ. ಆದರೆ ವಯಸ್ಸಾದಂತೆ ಇದು ಸಾಮಾನ್ಯವಾಗಿ ಕಡಮೆಯಾಗುತ್ತದೆ ಎಂಬ ಒಂದು ಮಾತನ್ನೂ ಅವನು ಸೇರಿಸಿದ. ಇಂಥದೇ ನಂಬಿಕೆ ಮುಂದೆ ಬೇರೂರಿ, ದೊಡ್ಡವರನ್ನು ಬಹುಕಾಲ ಈ ಚರಿತ್ರೆಯಿಂದ ಹೊರಗಿಟ್ಟಿತು.

ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಶ್ ಹಾಫ್‌ಮನ್ ತನ್ನ ಪುಟ್ಟ ಮಗನಿಗೆಂದು ಬರೆದ ಚಿತ್ರಪುಸ್ತಕ ಜನಪ್ರಿಯವಾಯಿತು. ಅದರಲ್ಲಿ ಊಟದ ಮೇಜಿನ ಬಳಿ ಸುಮ್ಮನೆ ಕೂರಲಾರದೆ, ಹಾಸಿದ ಬಟ್ಟೆಯೊಡನೆ ಊಟವನ್ನೆಲ್ಲ ನೆಲಕ್ಕೆಳೆಯುವ ಫಿಲಿಪ್ ಎಂಬ ಹುಡುಗನಿದ್ದಾನೆ. ಜನ ಅವನನ್ನು ಕಂಡು ನಕ್ಕರು. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಉಪನ್ಯಾಸ ಕೊಟ್ಟಾಗ ಆ ನಗು ಮಾಯವಾಗಿತ್ತು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ 20 ಮಕ್ಕಳನ್ನು ವರ್ಣಿಸಿ, ಅದನ್ನು ಆತ ನೈತಿಕ ಹಿಡಿತದ ನ್ಯೂನತೆ ಎಂದು ಕರೆದ. ನೀತಿಗೆಟ್ಟವರೆಂದು ಹಳಿಯುವುದು ಅವನ ಉದ್ದೇಶವಾಗಿರಲಿಲ್ಲ. ದೇಹದಲ್ಲಿಯೇ ಕಾರಣವನ್ನು ಹುಡುಕಬೇಕೆಂದೇ ಅವನು ವಾದಿಸಿದ್ದ. ಆದರೂ ಆ ನಾಮಕರಣವೇ ಒಂದು ಹೊರೆಯಾಯಿತೆನ್ನಬೇಕು.

ಔಷಧದ ದಾರಿ ತೆರೆದದ್ದು ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬಾತ, ಮೆದುಳಿನ ಪರೀಕ್ಷೆಯ ತರುವಾಯ ಬರುತ್ತಿದ್ದ ತಲೆನೋವಿಗೆಂದು ಬೆನ್ಸೆಡ್ರಿನ್ ಕೊಟ್ಟ. ತಲೆನೋವೇನೂ ಹೋಗಲಿಲ್ಲ, ಕೆಲವು ಮಕ್ಕಳು ಮಾತ್ರ ಪಾಠದಲ್ಲಿ ಮುಂದಾದರು. 1937ರಲ್ಲಿ ಅವನು ಪ್ರಕಟಿಸಿದ ವರದಿಯಂತೆ 30 ಮಕ್ಕಳಲ್ಲಿ 14 ಮಂದಿಯ ಓದು ಬೆರಗಾಗುವಂತೆ ಸುಧಾರಿಸಿತ್ತು. ಚುರುಕುಗೊಳಿಸುವ ಮದ್ದು ಚಡಪಡಿಸುವ ಮಗುವನ್ನು ಶಾಂತಗೊಳಿಸಿತೆಂಬುದು ಅಂದಿಗೆ ಒಗಟು. ಮೆದುಳಿನಲ್ಲಿ ಗಮನಕ್ಕೆ ಲಗಾಮು ಹಿಡಿಯುವ ಭಾಗವನ್ನೇ ಅದು ಚುರುಕುಗೊಳಿಸುತ್ತದೆ, ಡೋಪಮಿನ್ ಮತ್ತು ನಾರ್ ಅಡ್ರಿನಲಿನ್ ಎಂಬ ರಸಗಳು ಅಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುವಂತಾಗುತ್ತದೆ, ಎಂಬ ವಿವರಣೆ ಬಂದದ್ದು ಬಹಳ ತಡವಾಗಿ. 1944ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜಾನ್ ಮೀಥೈಲ್‌ಫೆನಿಡೇಟನ್ನು ತಯಾರಿಸಿದ. ಅವನ ಹೆಂಡತಿ ರೀಟಾಳ ಹೆಸರಿನಿಂದಲೇ ಅದು ರಿಟಾಲಿನ್ ಆಯಿತು.

1968ರ ಅಮೆರಿಕನ್ ಮನೋರೋಗ ಕೈಪಿಡಿಯೂ ಇದನ್ನು ಬಾಲ್ಯದ ತೊಂದರೆಯೆಂದೇ ಎಣಿಸಿ, ಹದಿಹರೆಯದ ಹೊತ್ತಿಗೆ ಇಳಿಯುತ್ತದೆ ಎಂದಿತು. ಮಕ್ಕಳೇನೋ ದೊಡ್ಡವರಾದರು, ಆಟದ ಬಯಲಿನ ಓಟ ನಿಂತಿತು. ಆದರೆ ಓಟ ಒಳಗೆ ಸೇರಿಕೊಂಡಿತ್ತು. 1976ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ಪಾಲ್ ವೆಂಡರ್ ಮತ್ತು ಅವರ ಸಂಗಡಿಗರು ದೊಡ್ಡವರಲ್ಲಿಯೂ ಇದನ್ನು ತೋರಿಸಿಕೊಟ್ಟರು. ಅದಕ್ಕಾಗಿ ರೋಗಿಗಳ ಹೆತ್ತವರಿಂದ ಅವರ ಬಾಲ್ಯದ ವಿವರಗಳನ್ನು ಪಡೆದರು. 1980ರ ಕೈಪಿಡಿ ದೊಡ್ಡವರಿಗೆ ಒಂದು ಮೂಲೆ ಕೊಟ್ಟಿತು. 2013ರಲ್ಲಿ ಅವರಿಗೆಂದೇ ಲಕ್ಷಣಗಳ ಸಂಖ್ಯೆಯನ್ನು ಆರರಿಂದ ಐದಕ್ಕೆ ಇಳಿಸಲಾಯಿತು.

ಈ ಚರಿತ್ರೆ ನನಗೆ ಕೇವಲ ಪುಸ್ತಕದ ವಿಷಯವಲ್ಲ. ಪಾಠಗಳಲ್ಲಿ ಹಿಂದುಳಿದ ಮಗಳನ್ನು ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದಾಗ, ಅವರು ಅವಳನ್ನು ಕುರಿತು ಕೇಳಿದ ಪ್ರಶ್ನೆಗಳಿಗೆಲ್ಲ ನನ್ನಲ್ಲಿಯೂ ಉತ್ತರವಿತ್ತು. ಕೊನೆಗೆ ಇಬ್ಬರ ಹೆಸರಿನಲ್ಲಿಯೂ ಚೀಟಿ ಬರೆಯಲಾಯಿತು. ನನಗಾಗ ನಲವತ್ಮೂರು ವರ್ಷ. ಇದು ವಂಶದಲ್ಲಿ ಹರಿದುಬರುವುದೇ ಹೆಚ್ಚೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆಯಂತೆ. ಅಂದಿನಿಂದ ನನಗೆ ತಂದೆಯವರ ನೆನಪು ಹೆಚ್ಚಾಗಿದೆ. ಅವರು ತೋಡಿಸಿದ ಬಾವಿ ಅರ್ಧ, ಗಿಲಾವು ಕಂಡ ಗೋಡೆ ಅರ್ಧ. ಊರು ಅವರಿಗೆ ‘ಆರಂಭಶೂರ’ ಎಂದು ಹೆಸರಿಟ್ಟಿತ್ತು. ತೀರಿಹೋದವರ ಕಾಯಿಲೆಯನ್ನು ಈಗ ನಿರ್ಣಯಿಸಲಾಗದು. ಆದರೆ ಬೆಳಗಿನ ಜಾವ ಲಾಟೀನು ಹಿಡಿದು ಆ ಗೋಡೆಯ ಮುಂದೆ ಒಬ್ಬರೇ ನಿಂತಿರುತ್ತಿದ್ದವರು ಸೋಮಾರಿಯಲ್ಲವೆಂಬುದನ್ನು ನಾನು ಬಲ್ಲೆ.

ಹಾಗಾದರೆ ಬಾಳುವೆ ಹೇಗೆ? ಔಷಧ ಕೆಲವರಿಗೆ ಒಳ್ಳೆಯ ಗುಣ ಕೊಡುತ್ತದೆ. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ 1985ರ ಮಾದಕ ದ್ರವ್ಯಗಳ ಕಾನೂನಿನ ಅಂಕೆಯಲ್ಲಿರುವುದರಿಂದ ವೈದ್ಯರ ಚೀಟಿಯಿಲ್ಲದೆ ಮುಟ್ಟುವಂತಿಲ್ಲ. ಆದರೆ ಮದ್ದೊಂದೇ ಸಾಲದು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮದ್ದು ತೆಗೆದುಕೊಂಡರೂ ತೊಂದರೆ ಉಳಿದಿದ್ದ 86 ಮಂದಿ ವಯಸ್ಕರಿದ್ದರು. ಅವರಲ್ಲಿ ಕೆಲಸದ ಕ್ರಮಗಳನ್ನು ಕಲಿತವರು, ಬರಿಯ ವಿಶ್ರಾಂತಿಯ ವಿಧಾನ ಮತ್ತು ತಿಳಿವಳಿಕೆ ಪಡೆದವರಿಗಿಂತ ಚೆನ್ನಾಗಿ ಸುಧಾರಿಸಿದರು. ಆ ಕ್ರಮಗಳು ಅಜ್ಜಿಯ ಬುದ್ಧಿವಾದದಷ್ಟು ಸರಳ: ಒಂದೇ ನೋಟ್‌ಬುಕ್ಕು, ಒಂದೇ ಕ್ಯಾಲೆಂಡರು, ದೊಡ್ಡ ಕೆಲಸವನ್ನು ತುಂಡು ಮಾಡುವುದು, ತನ್ನ ಗಮನ ಎಷ್ಟು ನಿಮಿಷ ನಿಲ್ಲುತ್ತದೆಂದು ಅಳೆದು, ಕೆಲಸದ ತುಂಡನ್ನು ಆ ಅಳತೆಗೆ ಕತ್ತರಿಸುವುದು, ನಡುವೆ ನುಗ್ಗಿಬರುವ ಯೋಚನೆಯನ್ನು ಚೀಟಿಯಲ್ಲಿ ಬರೆದಿಟ್ಟು, ಹಿಡಿದದ್ದನ್ನು ಮುಗಿಸುವುದು.

ನನ್ನ ಅಳತೆ ಹದಿನೆಂಟು ನಿಮಿಷ. ಉತ್ತರಪತ್ರಿಕೆಗಳ ಕಟ್ಟನ್ನು ನಾನೀಗ ಇಡಿಯಾಗಿ ಬಿಚ್ಚುವುದಿಲ್ಲ. ನಾಲ್ಕು ಪತ್ರಿಕೆ ಎಣಿಸಿ ಹೊರಗಿಟ್ಟು ಉಳಿದುದನ್ನು ಬೀರುವಿನಲ್ಲಿಡುತ್ತೇನೆ. ನಾಲ್ಕಾದೊಡನೆ ಎದ್ದು ಹಿತ್ತಲಿಗೊಂದು ಸುತ್ತು. ತಲೆಯೊಳಗಿನ ಪೃಚ್ಛಕನನ್ನು ಬಾಯಿ ಮುಚ್ಚೆಂದು ಗದರುವುದನ್ನೂ ಬಿಟ್ಟಿದ್ದೇನೆ. ಅವನ ಮಾತನ್ನು ಚೀಟಿಯಲ್ಲಿ ಬರೆದುಕೊಂಡರೆ, ತನ್ನ ಅರ್ಜಿ ದಾಖಲಾಯಿತೆಂದು ಅವನೂ ತುಸು ಹೊತ್ತು ಸುಮ್ಮನಾಗುತ್ತಾನೆ. ಶಕ್ತಿಗೂ ಹೀಗೆಯೇ ಲೆಕ್ಕವುಂಟು. ಬೆಳಗಿನ ಎರಡು ಗಂಟೆ ನನ್ನ ನಗದು. ಅದನ್ನು ಕಠಿಣವಾದ ಕೆಲಸಕ್ಕೆ ಕೊಡುತ್ತೇನೆ. ಮಧ್ಯಾಹ್ನ ಮೂರರ ಮೇಲೆ ನಾನು ಸಾಲಗಾರ. ಆಗ ಪುಸ್ತಕ ಜೋಡಿಸುವುದು, ಹಾಜರಿ ತುಂಬುವುದು ಇಷ್ಟೆ.

ವೈಕಾರ್ಡನಿಂದ ಇಂದಿನವರೆಗಿನ ಕಥೆಯಲ್ಲಿ ನನಗೆ ಮುಖ್ಯವೆನಿಸಿದ್ದು ಇದು: ಇಟ್ಟ ಹೆಸರಿಗೆ ತಕ್ಕಂತೆ ಚಿಕಿತ್ಸೆ ಬದಲಾಯಿತು. ನೀತಿಯ ಕೊರತೆ ಎಂದಾಗ ಶಿಕ್ಷೆ, ಬಾಲ್ಯದ ಗೀಳು ಎಂದಾಗ ಉಪೇಕ್ಷೆ, ಮೆದುಳಿನ ಸ್ವಭಾವ ಎಂದಾಗ ಉಪಾಯ. ಆರಂಭಶೂರನೆಂಬ ನಮ್ಮ ಹೆಸರಿನಲ್ಲಿ ಹಾಸ್ಯವಲ್ಲದೆ ಬೇರಾವ ಮದ್ದೂ ಇರಲಿಲ್ಲ. ನನ್ನ ಮಗಳನ್ನು ಯಾರಾದರೂ ಹಾಗೆ ಕರೆದರೆ ಅವಳಿಗೆ ಹೇಳಲು ಈಗ ಒಂದು ಉತ್ತರವಾದರೂ ಇದೆ. ಅವಳ ಅಳತೆ ಹನ್ನೆರಡು ನಿಮಿಷ; ಮೊನ್ನೆ ಅವಳೇ ಗಡಿಯಾರವಿಟ್ಟು ಕಂಡುಕೊಂಡಳು.